ಊರಿಗೊಂದು ರೊಕ್ಕ, ರೊಕ್ಕಕ್ಕೊಂದು ವಟ್ಟ

ಸುರಪುರ ಸೀಮೆಯ ವ್ಯಾಪಾರಿಗೆ ಒಂದು ಕಾಲದಲ್ಲಿ ಪರರಾಜ್ಯವೆಂದರೆ ತಾಳಿಕೋಟೆ. ಹುಣಸಗಿ ದಾಟಿ ಪಡುವಣಕ್ಕೆ ಗಾಡಿ ಹೊಡೆದರೆ ನಿಜಾಮರ ಗಡಿ ಮುಗಿದು ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆ ಹತ್ತುತ್ತಿತ್ತು. ಎರಡೂ ಕಡೆ ಅದೇ ಕನ್ನಡ, ಅದೇ ಜೋಳದ ರೊಟ್ಟಿ, ಬೀಗತನವೂ ಉಂಟು. ನಡೆಯದೆ ನಿಲ್ಲುತ್ತಿದ್ದುದು ಕಿಸೆಯೊಳಗಿನ ರೊಕ್ಕ ಮಾತ್ರ. ಈಚೆಗೆ ಚಾರ್‌ಮಿನಾರ್ ಅಚ್ಚೊತ್ತಿದ ಹಾಲಿ ಸಿಕ್ಕಾ, ಆಚೆಗೆ ಇಂಗ್ಲಿಷ್ ದೊರೆಯ ಮುಖವಿದ್ದ ಕಲ್ದಾರ್ ರೂಪಾಯಿ. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್. ಸರ್ಕಾರಿ ಲೆಕ್ಕದಲ್ಲಿ ನೂರು ಕಲ್ದಾರಿಗೆ ಹಾಲಿ 116 ರೂಪಾಯಿ, 10 ಆಣೆ, 8 ಪೈ. ಇದರ ಮೇಲೆ ಸರಾಫ ಮುರಿದುಕೊಳ್ಳುವ ವಟ್ಟ ಬೇರೆ.

ಇಂದು ಯಾದಗಿರಿ, ಶಹಾಪುರ, ಸುರಪುರದಿಂದ ಹೊರಟವರು ಜಿದ್ದಾಕ್ಕೆ, ದುಬೈಗೆ, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಬರುತ್ತಿದ್ದಾರೆ. ಯಾವ ರೊಕ್ಕ ಒಯ್ಯಬೇಕು, ಎಲ್ಲಿ ಬದಲಿಸಬೇಕು, ಕೈಯಲ್ಲಿ ನೋಟಿರಲೋ ಕಾರ್ಡ್ ಸಾಕೋ ಎಂಬ ಪ್ರಶ್ನೆ ಅವರಿಗೂ ತಪ್ಪಿಲ್ಲ. ಉತ್ತರ ಹುಡುಕುವ ಬಗೆ ಮಾತ್ರ ಬದಲಾಗಿದೆ. ಸರಾಫನ ಮುಂದೆ ಕೂತ ಮುತ್ಯಾನಿಗೆ ತನ್ನ ರೊಕ್ಕದಲ್ಲಿ ಎಷ್ಟು ಮುರಿಯಿತು ಎಂಬುದು ಕಣ್ಣೆದುರೇ ಕಾಣುತ್ತಿತ್ತು. ಕಾರ್ಡ್ ತಾಗಿಸಿ ಹೊರಬರುವ ಮೊಮ್ಮಗನಿಗೆ ಅದು ಕಾಣುವುದು ತಿಂಗಳ ಕೊನೆಯ ಸ್ಟೇಟ್‌ಮೆಂಟಿನಲ್ಲಿ, ಅದೂ ಹುಡುಕಿದರೆ. ವಟ್ಟ ಹೋಗಿಲ್ಲ, ತೆರೆಮರೆಗೆ ಸರಿದಿದೆ. ಅದನ್ನು ಮತ್ತೆ ಬೆಳಕಿಗೆ ಎಳೆದು ಎಣಿಸುವುದೇ ಪರದೇಶ ಪ್ರವಾಸದ ಹಣಕಾಸಿನ ಅರ್ಧ ಕೆಲಸ.

ಮೂರು ನಾಣ್ಯದ ಯಾತ್ರೆ

ಸುರಪುರಕ್ಕೆ ಹಾಲಿ ಸಿಕ್ಕಾ ಬಂದುದರ ಹಿಂದೆ ಒಂದು ಸೋಲಿನ ಕಥೆಯಿದೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಬಂಡಾಯ ಮುರಿದುಬಿದ್ದಿತು. ಸಂಸ್ಥಾನ ಬ್ರಿಟಿಷರ ಕೈಸೇರಿ, 1860ರಲ್ಲಿ ನಿಜಾಮರಿಗೆ ಹಸ್ತಾಂತರವಾಯಿತು. ಮುಂದೆ 1871ರ ಹೊತ್ತಿಗೆ ಮುಂಬಯಿ ಕಡೆಯ ರೈಲುಹಳಿ ಯಾದಗಿರಿಯ ಮೇಲೆ ಹಾದು ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿಕೊಂಡಿತು. ಹತ್ತಿ, ಶೇಂಗಾ ಹೊರಗಿನ ಪೇಟೆ ಕಂಡವು. ಹೊರಗಿನ ರೂಪಾಯಿಯೂ ಒಳಗೆ ಬಂತು. ದರ ಹೇಳುವಾಗ ಹಾಲಿಯೋ ಕಲ್ದಾರೋ ಎಂದು ಮೊದಲು ಗೊತ್ತು ಮಾಡಿಕೊಳ್ಳದಿದ್ದರೆ ವ್ಯಾಪಾರ ಜಗಳಕ್ಕೆ ತಿರುಗುವಂತಿತ್ತು.

ಹಜ್‌ಗೆ ಹೊರಟವರದು ಇನ್ನೂ ದೊಡ್ಡ ಲೆಕ್ಕ. ಮನೆಯಿಂದ ಯಾದಗಿರಿ ಸ್ಟೇಷನ್ನಿನವರೆಗೆ ಹಾಲಿ ಸಿಕ್ಕಾ. ಮುಂಬಯಿಯಲ್ಲಿ ಇಳಿದು ಹಡಗಿನ ಟಿಕೆಟ್ ಕೊಳ್ಳಲು ಕಲ್ದಾರ್. ಜಿದ್ದಾದಲ್ಲಿ ಕಾಲಿಟ್ಟ ಮೇಲೆ ಅಲ್ಲಿನ ಬೆಳ್ಳಿಯ ರಿಯಾಲ್. ಆ ಬೆಳ್ಳಿಯ ಭಾರ ಯಾತ್ರಿಕರಿಗಷ್ಟೇ ಅಲ್ಲ, ಸೌದಿ ಸರ್ಕಾರಕ್ಕೂ ತಲೆನೋವಾಗಿತ್ತು. 1952ರಲ್ಲಿ ಹುಟ್ಟಿದ ಅಲ್ಲಿನ ಹಣಕಾಸು ಸಂಸ್ಥೆ ಮರುವರ್ಷವೇ ಯಾತ್ರಿಕರಿಗಾಗಿ ಕಾಗದದ ರಸೀದಿಗಳನ್ನು ಹೊರತಂದಿತು. ಬೆಳ್ಳಿಯ ಬದಲು ಈ ರಸೀದಿ ಹಿಡಿದು ತಿರುಗಾಡಬಹುದಿತ್ತು. ಜನ ಅದನ್ನು ಎಷ್ಟು ನಂಬಿದರೆಂದರೆ ಯಾತ್ರೆ ಮುಗಿದ ಮೇಲೂ ಅದು ಪೇಟೆಯಲ್ಲಿ ನೋಟಿನಂತೆ ಓಡಾಡಿತು. ಸೌದಿಯ ನಿಜವಾದ ನೋಟುಗಳು ಬಂದದ್ದು 1961ರಲ್ಲಿ. ಅರಬ್ಬಿ ನಾಡಿನಲ್ಲಿ ಕಾಗದದ ಹಣ ಬೇರೂರಿದ್ದರಲ್ಲಿ ಪರದೇಶದ ಹಾಜಿಗಳ ಕಿಸೆಗೂ ಒಂದು ಪಾಲಿದೆ.

ನಿಜಾಮರ ಸರ್ಕಾರ 1918ರಲ್ಲಿ ತನ್ನದೇ ನೋಟು ಹೊರಡಿಸಿತು. ಆ ಚಲಾವಣೆಯನ್ನು ನೋಡಿಕೊಳ್ಳಲು 1941ರಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಹುಟ್ಟಿತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿದರೂ ಹಾಲಿ ಸಿಕ್ಕಾ ಅಂದೇ ಸಾಯಲಿಲ್ಲ. 1950ರಿಂದ ಭಾರತದ ರೂಪಾಯಿ ಜೊತೆಜೊತೆಗೇ ನಡೆಯಿತು, ಅದೇ ಏಳಕ್ಕೆ ಆರರ ಲೆಕ್ಕದಲ್ಲಿ. 1959ರಲ್ಲಿ ಹಳೆಯ ನಾಣ್ಯ ಪೂರ್ತಿ ರದ್ದಾಯಿತು.

ಹಾಜಿಗಳಿಗೊಂದು ನೋಟು

ಅದೇ 1959 ಇನ್ನೆರಡು ಕಾರಣಕ್ಕೂ ನೆನಪಿಡುವ ವರ್ಷ. ಹಾಲಿ ಸಿಕ್ಕಾ ಸಾಕಿದ ಬ್ಯಾಂಕ್ ಅಷ್ಟರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎಂದಾಗಿತ್ತು. ಅದು ಆ ವರ್ಷ ಭಾರತೀಯ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಯಿತು. ನಮ್ಮ ಕಡೆಯ ಮಂದಿ ಎಸ್‌ಬಿಎಚ್ ಎಂದು ಕರೆಯುತ್ತಿದ್ದ ಆ ಬ್ಯಾಂಕಿನ ಪಾಸ್‌ಬುಕ್ 2017ರ ವಿಲೀನದವರೆಗೆ ಎಷ್ಟೋ ಮನೆಗಳಲ್ಲಿ ಇತ್ತು.

ಇನ್ನೊಂದು ಸಂಗತಿ ಕೊಲ್ಲಿಯದು. ಕುವೈತ್, ಬಹ್ರೇನ್, ಕತಾರ್, ದುಬೈ ಕಡೆಗಳಲ್ಲೆಲ್ಲ ಆಗ ಭಾರತದ ರೂಪಾಯಿಯೇ ಚಲಾವಣೆಯ ಹಣ. ಇಲ್ಲಿಂದ ಕದ್ದು ಒಯ್ದ ನೋಟಿಗೆ ಅಲ್ಲಿ ಚಿನ್ನ ಕೊಳ್ಳುವುದು, ಆ ಚಿನ್ನ ಕಳ್ಳದಾರಿಯಲ್ಲಿ ಭಾರತಕ್ಕೆ ಬರುವುದು, ಅಲ್ಲಿ ಸೇರಿದ ನೋಟುಗಳಿಗೆ ರಿಸರ್ವ್ ಬ್ಯಾಂಕ್ ವಿದೇಶಿ ವಿನಿಮಯದಲ್ಲಿ ಬೆಲೆ ಕಟ್ಟಿಕೊಡುವುದು: ದೇಶದ ಬೊಕ್ಕಸ ಹೀಗೆ ಸೋರುತ್ತಿತ್ತು. ತಡೆಯಲು ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತು. ಹಾಜಿಗಳಿಗೆಂದು 10 ಮತ್ತು 100 ರೂಪಾಯಿಯ ಪ್ರತ್ಯೇಕ ಹಜ್ ನೋಟುಗಳೂ ಬಂದವು. ಅವುಗಳ ಸಂಖ್ಯೆಯ ಮುಂದೆ ‘ಎಚ್‌ಎ’ ಎಂಬ ಅಕ್ಷರಗಳಿದ್ದವು. ಭಾರತದೊಳಗೆ ಆ ನೋಟಿಗೆ ಸಾಮಾನು ಸಿಗುವಂತಿರಲಿಲ್ಲ.

ಕುವೈತ್ 1961ರಲ್ಲಿ, ಬಹ್ರೇನ್ 1965ರಲ್ಲಿ ಸ್ವಂತ ಹಣಕ್ಕೆ ತಿರುಗಿದವು. 1966ರ ಜೂನ್ 6ರಂದು ಭಾರತ ರೂಪಾಯಿಯ ಬೆಲೆಯನ್ನು ಡಾಲರಿಗೆ 4.76ರಿಂದ 7.50ಕ್ಕೆ ಇಳಿಸಿದಾಗ ಕತಾರ್, ದುಬೈಗಳೂ ರೂಪಾಯಿಯನ್ನು ಬಿಟ್ಟವು. ನಮ್ಮ ರೂಪಾಯಿಯನ್ನೇ ಎಣಿಸುತ್ತಿದ್ದ ಊರಿಗೆ ಈಗ ನಾವು ದಿರ್ಹಮ್ ಕೊಂಡುಕೊಂಡು ಹೋಗುತ್ತೇವೆ.

ಈಗಿನ ವಟ್ಟ ಅಡಗಿರುವ ಜಾಗ

ಹಣ ಬದಲಾಯಿಸುವಾಗ ಮೂರು ಕಡೆ ರೊಕ್ಕ ಮುರಿಯುತ್ತದೆ: ದರದಲ್ಲಿ, ಶುಲ್ಕದಲ್ಲಿ, ತೆರಿಗೆಯಲ್ಲಿ.

ದರದಲ್ಲಿ ಮುರಿಯುವುದೇ ಹೆಚ್ಚು, ಕಾಣುವುದೇ ಕಡಿಮೆ. ‘ಕಮಿಷನ್ ಇಲ್ಲ’ ಎಂದು ಬೋರ್ಡ್ ಹಾಕಿದ ಅಂಗಡಿಯೂ ಧರ್ಮಕ್ಕೆ ಕೂತಿರುವುದಿಲ್ಲ. ಒಂದು ಊಹೆಯ ಲೆಕ್ಕ ನೋಡೋಣ. ಪೇಟೆಯಲ್ಲಿ ರಿಯಾಲ್ 22.50 ಇದೆ ಎಂದುಕೊಳ್ಳಿ. ಒಬ್ಬರು ಕಮಿಷನ್ ಇಲ್ಲದೆ 23.10ಕ್ಕೆ ಕೊಡುತ್ತಾರೆ. ಇನ್ನೊಬ್ಬರು 22.80ಕ್ಕೆ ಕೊಟ್ಟು ಮೇಲೆ ನೂರು ರೂಪಾಯಿ ಕೇಳುತ್ತಾರೆ. ಎರಡು ಸಾವಿರ ರಿಯಾಲಿಗೆ ಮೊದಲನೆಯವರಲ್ಲಿ 46,200, ಎರಡನೆಯವರಲ್ಲಿ 45,700. ನೂರು ಕೇಳಿದವರಲ್ಲೇ ಐನೂರು ಉಳಿಯಿತು. ಹಾಗಾಗಿ ದರ ಎಷ್ಟು, ಕಮಿಷನ್ ಎಷ್ಟು ಎಂದು ಬಿಡಿಬಿಡಿಯಾಗಿ ಕೇಳಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ‘ಎರಡು ಸಾವಿರ ರಿಯಾಲ್ ನನ್ನ ಕೈಗೆ ಬರಬೇಕಾದರೆ ಎಲ್ಲಾ ಸೇರಿ ಎಷ್ಟು ಕೊಡಬೇಕು?’ ಎಂದು ಕೇಳಿದರೆ ಸಾಕು.

ತೆರಿಗೆಯ ಭಾಗ ಸಣ್ಣದು. ವಿನಿಮಯಕ್ಕೆ ಜಿಎಸ್‌ಟಿ ಹಾಕುವಾಗ ಒಂದು ಲಕ್ಷದವರೆಗಿನ ಮೊತ್ತದ ಶೇ 1ರಷ್ಟನ್ನು ಸೇವೆಯ ಬೆಲೆ ಎಂದು ಹಿಡಿದು, ಅದರ ಮೇಲೆ ಶೇ 18 ಹಾಕುತ್ತಾರೆ. ಲಕ್ಷಕ್ಕೆ 180 ರೂಪಾಯಿ. ಎಷ್ಟೇ ಚಿಕ್ಕ ಮೊತ್ತವಾದರೂ 45 ರೂಪಾಯಿಗೆ ಕಡಿಮೆಯಿಲ್ಲ. ಹತ್ತು ಸಲ ಚೂರುಚೂರು ಬದಲಿಸುವುದಕ್ಕಿಂತ ಒಂದೇ ಸಲ ಬದಲಿಸುವುದು ಲೇಸು.

ಸಣ್ಣ ಊರಿನ ಬ್ಯಾಂಕ್ ಶಾಖೆಗಳು ವಿದೇಶಿ ನೋಟನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುವುದು ಅಪರೂಪ. ಮೊದಲೇ ಹೇಳಿ ತರಿಸಬೇಕು, ಇಲ್ಲವೇ ಕಲಬುರಗಿ, ಹೈದರಾಬಾದ್, ಬೆಂಗಳೂರಿನ ಪರವಾನಗಿ ಪಡೆದ ವಿನಿಮಯ ಅಂಗಡಿಗಳಲ್ಲಿ ಕೊಳ್ಳಬೇಕು. ವಿಮಾನ ನಿಲ್ದಾಣದ ಕೌಂಟರಿಗೆ ಬಿಟ್ಟರೆ ದರ ಸಾಮಾನ್ಯವಾಗಿ ದುಬಾರಿ. ಗಡಿಬಿಡಿಯಲ್ಲಿರುವ ಗಿರಾಕಿ ಚೌಕಾಶಿ ಮಾಡುವುದಿಲ್ಲ ಎಂಬುದು ಅವರಿಗೆ ಗೊತ್ತು. ಪರಿಚಯದವರು ಯಾರೋ ಕೊಲ್ಲಿಯಿಂದ ತಂದ ನೋಟನ್ನು ರಸೀದಿ ಇಲ್ಲದೆ ಕೊಳ್ಳುವುದು ಅಗ್ಗವೆನಿಸಬಹುದು. ಖೋಟಾ ನೋಟಾದರೆ ದೂರು ಕೊಡಲೂ ದಾರಿಯಿಲ್ಲ, ಕಾನೂನೂ ನಿಮ್ಮ ಕಡೆ ಇರುವುದಿಲ್ಲ.

ಡಾಲರ್ ಎಲ್ಲ ಕಡೆಯೂ ಬೇಕಿಲ್ಲ

ಪರದೇಶವೆಂದರೆ ಡಾಲರ್ ಎಂಬ ನಂಬಿಕೆ ಹಳೆಯದು. ಕೈಗೆ ಎಂಟು ಡಾಲರ್ ಮಾತ್ರ ಸಿಗುತ್ತಿದ್ದ ಕಾಲದಲ್ಲಿ ಓದಲು ಹೋದವರ ನೆನಪುಗಳಿಂದ ಬಂದದ್ದು. ಸೌದಿಗೆ ಹೋಗುವವರು ರೂಪಾಯಿ ಕೊಟ್ಟು ಡಾಲರ್ ಕೊಂಡು, ಅಲ್ಲಿ ಡಾಲರ್ ಕೊಟ್ಟು ರಿಯಾಲ್ ಕೊಂಡರೆ ವಟ್ಟ ಎರಡು ಸಲ. ರಿಯಾಲ್ 1986ರಿಂದ ಡಾಲರಿಗೆ 3.75ರಂತೆ, ದಿರ್ಹಮ್ 1997ರಿಂದ 3.6725ರಂತೆ ಕಟ್ಟಿಹಾಕಲ್ಪಟ್ಟಿವೆ. ಡಾಲರ್ ಏರಿದರೆ ಅವೂ ಏರುತ್ತವೆ. ಡಾಲರ್ ಹಿಡಿದುಕೊಂಡರೆ ಲಾಭವಾದೀತು ಎಂಬ ಆಸೆಗೆ ಇಲ್ಲಿ ಆಧಾರವಿಲ್ಲ. ಭಾರತದಲ್ಲೇ ಸುಲಭಕ್ಕೆ ಸಿಗುವ ರಿಯಾಲ್, ದಿರ್ಹಮ್, ಪೌಂಡ್, ಯೂರೊ, ಸಿಂಗಪುರ ಡಾಲರ್‌ಗಳನ್ನು ನೇರ ಕೊಳ್ಳುವುದೇ ಸರಿ. ಇಲ್ಲಿ ಸಿಗದ, ಸಿಕ್ಕರೂ ಕೆಟ್ಟ ದರದ ನಾಣ್ಯವಿರುವ ದೇಶಕ್ಕೆ ಹೋಗುವಾಗ ಮಾತ್ರ ಡಾಲರ್ ಒಯ್ದು ಅಲ್ಲಿ ಬದಲಿಸಬಹುದು. ಆಗ ಹರಿಯದ, ಪೆನ್ನಿನ ಗೆರೆ ಇಲ್ಲದ ನೋಟುಗಳನ್ನೇ ಕೇಳಿ ಪಡೆಯಬೇಕು.

ಫಾರೆಕ್ಸ್ ಕಾರ್ಡಿಗೂ ಇದೇ ಮಾತು ಅನ್ವಯ. ಊರಿನಲ್ಲೇ ರಿಯಾಲ್ ತುಂಬಿಸಿಕೊಂಡ ಕಾರ್ಡ್ ಸೌದಿಯಲ್ಲಿ ತುಂಬಿಸಿದ ದರಕ್ಕೇ ಖರ್ಚಾಗುತ್ತದೆ. ಡಾಲರ್ ತುಂಬಿಸಿದ ಕಾರ್ಡನ್ನು ಅಲ್ಲಿ ತಾಗಿಸಿದರೆ ನಾಣ್ಯ ಬದಲಾವಣೆಯ ಹೆಚ್ಚುವರಿ ಶುಲ್ಕ ಬೀಳುತ್ತದೆ. ದಿನನಿತ್ಯದ ಡೆಬಿಟ್, ಕ್ರೆಡಿಟ್ ಕಾರ್ಡುಗಳಲ್ಲಿ ಬ್ಯಾಂಕುಗಳು ಸಾಮಾನ್ಯವಾಗಿ ಶೇ 2ರಿಂದ 3.5ರವರೆಗೆ ಮೇಲ್ದರ ಹಿಡಿಯುತ್ತವೆ, ಆ ಶುಲ್ಕದ ಮೇಲೆ ಜಿಎಸ್‌ಟಿ ಬೇರೆ. ಮೇಲ್ದರವೇ ಇಲ್ಲದ ಕಾರ್ಡುಗಳೂ ಇವೆ. ಹೊರಡುವ ಮುಂಚೆ ತಮ್ಮ ಕಾರ್ಡಿನದು ಎಷ್ಟೆಂದು ಕೇಳಿಕೊಳ್ಳಬೇಕು. ಕ್ರೆಡಿಟ್ ಕಾರ್ಡಿನಿಂದ ಎಟಿಎಮ್ಮಿನಲ್ಲಿ ನಗದು ತೆಗೆದರೆ ಆ ದಿನದಿಂದಲೇ ಬಡ್ಡಿ. ಅದನ್ನು ಆಪತ್ತಿಗೆ ಮಾತ್ರ ಇಟ್ಟುಕೊಳ್ಳಬೇಕು.

ಇನ್ನೊಂದು ಮುಖ್ಯ ಸಂಗತಿ: 2020ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳು ದೇಶದೊಳಗಷ್ಟೇ ಕೆಲಸ ಮಾಡುವಂತೆ ಬರುತ್ತವೆ. ವಿದೇಶಿ ಬಳಕೆಯನ್ನು ಆಪ್‌ನಲ್ಲೋ ಶಾಖೆಯಲ್ಲೋ ನಾವೇ ತೆರೆಸಬೇಕು. ಜನಧನ್ ಖಾತೆಗೆ ಬಂದ ಸಾದಾ ರೂಪೇ ಕಾರ್ಡನ್ನು ನಂಬಿ ವಿಮಾನ ಹತ್ತುವಂತಿಲ್ಲ. ಒಟಿಪಿ ಬರುವ ಸಿಮ್ಮಿಗೆ ರೋಮಿಂಗ್ ಇರದಿದ್ದರೆ ಖಾತೆಯಲ್ಲಿ ಲಕ್ಷವಿದ್ದರೂ ಕೈಗೆ ಬಾರದು.

ಫೋನ್ ತೆಗೆದು ಸ್ಕ್ಯಾನ್ ಮಾಡುವ ರೂಢಿ ಶಹಾಪುರದ ತರಕಾರಿ ಸಂತೆಗೂ ಬಂದಿದೆ. ಹೊರದೇಶಗಳಲ್ಲಿ ಯುಪಿಐ ಬೆಳೆಯುತ್ತಿದೆ: ಭೂತಾನಿನಲ್ಲಿ 2021ರಲ್ಲಿ ಆರಂಭವಾಯಿತು, ಶ್ರೀಲಂಕಾ ಮತ್ತು ಮಾರಿಷಸ್‌ನಲ್ಲಿ 2024ರ ಫೆಬ್ರುವರಿ 12ರಂದು. ದುಬೈ, ಸಿಂಗಪುರ, ನೇಪಾಳಗಳ ಹಲವು ಅಂಗಡಿಗಳಲ್ಲೂ ನಡೆಯುತ್ತದೆ. ಹಲವು ಎಂದರೆ ಎಲ್ಲವೂ ಅಲ್ಲ. ಆಪ್‌ನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಮೊದಲೇ ಚಾಲೂ ಮಾಡಿಕೊಂಡಿರಬೇಕು. ಇದನ್ನು ಅನುಕೂಲವೆಂದು ಬಳಸಬಹುದು, ಇದೊಂದನ್ನೇ ಆಧಾರ ಮಾಡಿಕೊಳ್ಳಬಾರದು.

‘ರೂಪಾಯಿಯಲ್ಲೇ ಕೊಡುತ್ತೀರಾ?’

ದುಬೈನ ಮಾಲ್‌ನಲ್ಲಿ ಕಾರ್ಡ್ ತಾಗಿಸಿದಾಗ ಯಂತ್ರದ ಪರದೆಯ ಮೇಲೆ ಎರಡು ಆಯ್ಕೆ ಮೂಡುತ್ತವೆ: ದಿರ್ಹಮ್ ಇಲ್ಲವೇ ಭಾರತದ ರೂಪಾಯಿ. ನಮ್ಮ ರೂಪಾಯಿ ಕಂಡೊಡನೆ ಊರಿನವರು ಸಿಕ್ಕಷ್ಟು ಸಮಾಧಾನ. ಬೆರಳು ತಾನಾಗಿಯೇ ಅತ್ತ ಹೋಗುತ್ತದೆ. ದರವನ್ನು ಆಗ ನಿಗದಿ ಮಾಡುವುದು ಅಂಗಡಿಯ ಕಡೆಯ ಕಂಪನಿ, ತನ್ನ ಲಾಭ ಸೇರಿಸಿಕೊಂಡೇ.

ದಿರ್ಹಮಿಗೆ 24 ರೂಪಾಯಿ ಎಂದು ಇಟ್ಟುಕೊಂಡು 400 ದಿರ್ಹಮಿನ ಬಿಲ್ ನೋಡಿ. ದಿರ್ಹಮ್ ಒತ್ತಿದರೆ 9,600 ರೂಪಾಯಿ. ಬ್ಯಾಂಕಿನ ಮೇಲ್ದರ ಶೇ 3.5 ಮತ್ತು ಅದರ ಜಿಎಸ್‌ಟಿ ಸೇರಿ ಸುಮಾರು 9,996. ರೂಪಾಯಿ ಒತ್ತಿದಾಗ ಯಂತ್ರ ಶೇ 5 ಲಾಭ ಹಚ್ಚಿದ್ದರೆ ಅಲ್ಲೇ 10,080. ಸಾಲದ್ದಕ್ಕೆ, ವ್ಯವಹಾರ ಹೊರದೇಶದ್ದು ಎಂಬ ಕಾರಣಕ್ಕೆ ಎಷ್ಟೋ ಬ್ಯಾಂಕುಗಳು ತಮ್ಮ ಶುಲ್ಕವನ್ನು ಇದರ ಮೇಲೂ ಹಿಡಿಯುತ್ತವೆ. ಮೇಲ್ದರ ಇಲ್ಲದ ಕಾರ್ಡಾದರೆ ನಷ್ಟದ ಅಂತರ ಇನ್ನೂ ದೊಡ್ಡದು. ಎಟಿಎಮ್ಮುಗಳೂ ಇದೇ ಪ್ರಶ್ನೆ ಕೇಳುತ್ತವೆ. ಸೂತ್ರ ಒಂದೇ: ನಿಂತ ನೆಲದ ಹಣದಲ್ಲೇ ಪಾವತಿ. ತಾಳಿಕೋಟೆಯಲ್ಲಿ ನಿಂತು ಹಾಲಿಯಲ್ಲಿ ದರ ಕೇಳಿದವನಿಗೆ ಯಾರೂ ಪುಕ್ಕಟೆ ಲೆಕ್ಕ ಮಾಡಿಕೊಟ್ಟಿರಲಾರರು.

ಎಷ್ಟು ಒಯ್ಯಬಹುದು?

ಭಾರತದ ನಿವಾಸಿಯೊಬ್ಬರು ಆರ್ಥಿಕ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಮೌಲ್ಯದವರೆಗೆ ಹೊರಗೆ ಒಯ್ಯಬಹುದು ಅಥವಾ ಕಳಿಸಬಹುದು. ನೋಟಿನ ರೂಪದಲ್ಲಿ ಮಾತ್ರ ಒಂದು ಪ್ರವಾಸಕ್ಕೆ 3,000 ಡಾಲರಿನಷ್ಟು ಮಿತಿ, ಉಳಿದದ್ದು ಕಾರ್ಡಿನಲ್ಲಿರಬೇಕು. ಹಜ್, ಉಮ್ರಾ ಯಾತ್ರಿಕರಿಗೆ ಈ ನೋಟಿನ ಮಿತಿಯಲ್ಲಿ ಸಡಿಲಿಕೆಯಿದೆ. ವಿದೇಶಿ ಹಣ ಕೊಳ್ಳುವಾಗ 50,000 ರೂಪಾಯಿಯೊಳಗಿನ ಮೊತ್ತವನ್ನಷ್ಟೇ ನಗದಾಗಿ ಕೊಡಬಹುದು. ಅದಕ್ಕೆ ಮೇಲ್ಪಟ್ಟರೆ ಚೆಕ್ ಅಥವಾ ಖಾತೆಯಿಂದ ವರ್ಗಾವಣೆ. ಹತ್ತಿ ಮಾರಿದ ನಗದು ಮನೆಯಲ್ಲಿದ್ದರೆ ಮೊದಲು ಖಾತೆಗೆ ಕಟ್ಟಬೇಕು. ಪ್ರವಾಸಕ್ಕೆ 60 ದಿನ ಮುಂಚಿನಿಂದ ಕೊಳ್ಳಬಹುದು. ಮನೆಗೆ ಮರಳುವಾಗಿನ ಆಟೋ, ಬಸ್ಸಿನ ಖರ್ಚಿಗೆ ಭಾರತದ ನೋಟುಗಳೂ 25,000 ರೂಪಾಯಿಯೊಳಗೆ ಜೊತೆಗಿರಬಹುದು.

2025ರ ಏಪ್ರಿಲ್‌ನಿಂದ, ವರ್ಷಕ್ಕೆ 10 ಲಕ್ಷ ರೂಪಾಯಿವರೆಗಿನ ವಿದೇಶಿ ವಿನಿಮಯಕ್ಕೆ ಮೂಲದಲ್ಲಿ ತೆರಿಗೆ ಹಿಡಿಯುವುದಿಲ್ಲ. ಟ್ರಾವೆಲ್ಸ್‌ನವರ ಪ್ಯಾಕೇಜಿಗೆ ನಿಯಮ ಬೇರೆ, ಅಲ್ಲಿ ಮೊದಲ ರೂಪಾಯಿಯಿಂದಲೇ ತೆರಿಗೆ ಹಿಡಿಯುತ್ತಾರೆ. ಹಿಡಿದ ತೆರಿಗೆ ನಿಮ್ಮ ಪ್ಯಾನ್ ಹೆಸರಿಗೆ ಜಮೆಯಾಗಿರುತ್ತದೆ. ರಿಟರ್ನ್ ಸಲ್ಲಿಸಿ ಹಿಂಪಡೆಯುವ ಹಕ್ಕಿದೆ, ರಸೀದಿ ಜೋಪಾನವಿರಲಿ.

ಉಳಿದ ವಿದೇಶಿ ನೋಟುಗಳನ್ನು ಮರಳಿದ 180 ದಿನಗಳೊಳಗೆ ಬ್ಯಾಂಕಿಗೋ ಪರವಾನಗಿಯ ಅಂಗಡಿಗೋ ಕೊಟ್ಟುಬಿಡಬೇಕು. ಮುಂದಿನ ಪ್ರವಾಸಕ್ಕೆಂದು 2,000 ಡಾಲರ್ ಮೌಲ್ಯದವರೆಗೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಗಂಟು ಒಂದೇ ಕಡೆ ಬೇಡ

ಹಳೆಯ ಸಂಸ್ಥಾನದ ಒಂದು ಗುರುತು ಇನ್ನೂ ಪರದೇಶದಲ್ಲಿ ಉಳಿದಿದೆ. ಮಕ್ಕಾದಲ್ಲಿರುವ ನಿಜಾಮರ ರುಬಾತ್, ಅಂದರೆ ಯಾತ್ರಿಕರ ವಸತಿಗೃಹ, ಹಿಂದಿನ ಹೈದರಾಬಾದ್ ಸಂಸ್ಥಾನದ ಜಿಲ್ಲೆಗಳವರಿಗೆ ಚೀಟಿ ಎತ್ತಿ ಉಚಿತ ಕೋಣೆ ಕೊಡುತ್ತಾ ಬಂದಿದೆ. ನಮ್ಮ ಯಾದಗಿರಿ ಜಿಲ್ಲೆಯವರಿಗೂ ಅದರಲ್ಲಿ ಪಾಲುಂಟು. ಚೀಟಿಯಲ್ಲಿ ಹೆಸರು ಬಂದರೆ ಬಾಡಿಗೆಯ ದೊಡ್ಡ ಖರ್ಚೇ ತಪ್ಪುತ್ತದೆ. ಕೈಖರ್ಚಿನ ಮಾತು ಬೇರೆ. ಹಿಂದೆ ಹಜ್ ಸಮಿತಿಯೇ ಹೊರಡುವ ಮುನ್ನ ಪ್ರತಿ ಯಾತ್ರಿಕರಿಗೆ 2,100 ರಿಯಾಲ್ ಕೊಡುತ್ತಿತ್ತು. 2023ರಲ್ಲಿ ಆ ಕ್ರಮ ನಿಂತು, ಬೇಕಾದಷ್ಟನ್ನು ಎಸ್‌ಬಿಐ ಮೂಲಕ ನೋಟಾಗಿ ಅಥವಾ ಕಾರ್ಡಾಗಿ ಪಡೆಯುವ ವ್ಯವಸ್ಥೆ ಬಂತು. ಆಯ್ಕೆ ಯಾತ್ರಿಕರ ಹೆಗಲಿಗೆ ಬಂದಿದೆ.

ಹಾಗಾದರೆ ಆಯ್ಕೆ ಹೇಗೆ? ಅದು ದೇಶವನ್ನಷ್ಟೇ ನೋಡಿ ಮಾಡುವುದಲ್ಲ, ಹೋಗುವವರನ್ನೂ ನೋಡಿ ಮಾಡುವುದು. ಕೆಲಸದ ಮೇಲೆ ದುಬೈಗೆ ಹೋಗುವ ಹುಡುಗನಿಗೆ ಮೊದಲ ಸಂಬಳದವರೆಗಿನ ಊಟ, ಬಾಡಿಗೆಗೆ ದಿರ್ಹಮ್ ನೋಟು ಮತ್ತು ಒಂದು ಕಾರ್ಡ್ ಸಾಕು. ಮಗನ ಮನೆಗೆ ಅಮೆರಿಕಕ್ಕೆ ಹೋಗುವ ತಾಯಿಗೆ ದೊಡ್ಡ ಮೊತ್ತ ಬೇಡ. ವಿಮಾನ ತಪ್ಪಿದರೆ, ಮಾತ್ರೆ ಬೇಕಾದರೆ ಯಾರನ್ನೂ ಕಾಯದೆ ಕೊಡಬಹುದಾದ ಸಣ್ಣ ಸಣ್ಣ ಡಾಲರ್ ನೋಟುಗಳು ಬೇಕು. ಆಪ್ ತಿಳಿಯದ ಹಿರಿಯರಿಗೆ ನೋಟಿನ ಪಾಲು ಹೆಚ್ಚು, ಪಿನ್ ನೆನಪಿಡಬಲ್ಲವರಿಗೆ ಕಾರ್ಡಿನ ಪಾಲು ಹೆಚ್ಚು.

ನಮ್ಮ ಕಡೆಯ ಮನೆಗಳಲ್ಲಿ ಇನ್ನೊಂದು ರೂಢಿ ಉಂಟು. ಗಂಡ-ಹೆಂಡತಿ ಕೂಡಿ ಉಮ್ರಾಕ್ಕೆ ಹೊರಟರೆ ಪಾಸ್‌ಪೋರ್ಟ್, ಕಾರ್ಡ್, ರಿಯಾಲ್ ಎಲ್ಲವೂ ಗಂಡನ ಸೊಂಟದ ಚೀಲದಲ್ಲೇ ಇರುತ್ತವೆ. ಲಕ್ಷಾಂತರ ಮಂದಿಯ ನಡುವೆ ಕೈ ತಪ್ಪಿದರೆ ಹೆಂಡತಿಯ ಬಳಿ ಟ್ಯಾಕ್ಸಿಗೆ ಕೊಡಲೂ ಏನಿರುವುದಿಲ್ಲ. ಚೀಲ ಕಳೆದರೆ ಇಬ್ಬರೂ ಬರಿಗೈ. ಹೊರಡುವ ಹಿಂದಿನ ರಾತ್ರಿ ಮಕ್ಕಳು ಮಾಡಬೇಕಾದ ಕೆಲಸವಿದು: ಇಬ್ಬರ ಹೆಸರಿನಲ್ಲೂ ಒಂದೊಂದು ಕಾರ್ಡ್, ಇಬ್ಬರ ಚೀಲದಲ್ಲೂ ನೋಟು, ಒಂದಿಷ್ಟು ಲಗೇಜಿನೊಳಗೆ, ಕಾರ್ಡ್ ಬಂದ್ ಮಾಡಿಸುವ ನಂಬರ್ ಕಾಗದದ ಮೇಲೆ ಬರೆದು ಇಬ್ಬರ ಕೈಗೂ. ಪಾಸ್‌ಪೋರ್ಟನ್ನು ಇಬ್ಬರಿಗೂ ಬೇರೆ ಬೇರೆ ಮಾಡಿಸಿದ ಮೇಲೆ ರೊಕ್ಕವನ್ನೂ ಬೇರೆ ಬೇರೆ ಹಂಚಿಯೇ ಕಳಿಸಬೇಕು.